ಹಳ್ಳಕ್ಕೆ ಬಣ್ಣದ ನೀರು ಬಂದರೆ: ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೆಲಸ ಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಒಂದು ಬೆಳಿಗ್ಗೆ ನಮ್ಮೂರ ಹಳ್ಳದ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೇಲೆ ನೊರೆ ಕಟ್ಟಿತ್ತು. ನೀರಿಗೆ ಇಳಿದ ದನಗಳು ಮೂಸಿ ನೋಡಿ ಹಿಂದಕ್ಕೆ ಬಂದವು. ಊರಿನ ಹತ್ತು ಜನ ಸೇರಿ ಅವತ್ತೇ ಅರ್ಜಿ ಬರೆದೆವು. "ಕಾರ್ಖಾನೆಯವರು ವಿಷ ಬಿಡುತ್ತಿದ್ದಾರೆ, ಕೂಡಲೇ ಕ್ರಮ ಕೈಗೊಳ್ಳಬೇಕು" ಅಂತ. ತಹಶೀಲ್ದಾರರಿಂದ ಹಿಡಿದು ಮುಖ್ಯಮಂತ್ರಿಗಳವರೆಗೆ ಎಲ್ಲರಿಗೂ ಕಳಿಸಿದೆವು.

ಎರಡು ತಿಂಗಳಾದ ಮೇಲೆ ಒಂದು ಹಿಂಬರಹ ಬಂತು. ಸ್ಥಳ ಪರಿಶೀಲನೆ ಮಾಡಿದಾಗ ತ್ಯಾಜ್ಯ ನೀರು ಹೊರಗೆ ಹರಿಯುತ್ತಿದ್ದುದು ಕಂಡುಬಂದಿಲ್ಲ ಎಂದಿತ್ತು. ಎಲ್ಲರಿಗೂ ಸಿಟ್ಟು ಬಂತು. ರಾತ್ರಿ ಕೂತು ನಮ್ಮ ಅರ್ಜಿಯನ್ನು ಮತ್ತೆ ಓದಿದೆ. ಹಳ್ಳದ ಯಾವ ಜಾಗ, ಯಾವ ಕಡೆಯಿಂದ ನೀರು ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಒಂದೂ ಅದರಲ್ಲಿ ಇರಲಿಲ್ಲ. ನೀರು ಬರುತ್ತಿದ್ದದ್ದು ರಾತ್ರಿ 11ರ ಮೇಲೆ. ಅಧಿಕಾರಿ ಬಂದು ಹೋಗಿದ್ದು ಮಧ್ಯಾಹ್ನ.

ಅಲ್ಲಿಂದಾಚೆಗೆ ನಾನು ಕಲಿತದ್ದು ಇದು. ದೂರು ಅಂದರೆ ನಮ್ಮ ಸಿಟ್ಟನ್ನು ಬರೆದು ಕಳಿಸುವುದಲ್ಲ. ಅದನ್ನು ಓದಿದ ಅಧಿಕಾರಿಗೆ ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ನೋಡಬೇಕು ಅನ್ನುವುದು ಗೊತ್ತಾಗಬೇಕು. ಅದಕ್ಕೆ ಮೊದಲು ಅವರ ಕೆಲಸ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತಿರಬೇಕು.

ಮಂಡಳಿ ಅಂದರೆ ಯಾರು?

ನೀರಿನ ಮಾಲಿನ್ಯ ತಡೆಯುವ ಕಾಯ್ದೆ (ಜಲ ಕಾಯ್ದೆ) ಬಂದದ್ದು 1974ರಲ್ಲಿ. ಅದೇ ವರ್ಷ ಕರ್ನಾಟಕದ ಮಂಡಳಿಯೂ ಶುರುವಾಯಿತು. 1981ರಲ್ಲಿ ಗಾಳಿಯ ಕಾಯ್ದೆ ಬಂತು. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ದುರಂತ ಆಯಿತು. ಆಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿರುವ ಅಧಿಕಾರ ಮುಖ್ಯವಾಗಿ ಈ ಮೂರು ಕಾಯ್ದೆಗಳಿಂದ ಬಂದದ್ದು. ಕಸ, ಆಸ್ಪತ್ರೆ ತ್ಯಾಜ್ಯ, ಪ್ಲಾಸ್ಟಿಕ್, ಅಪಾಯಕಾರಿ ತ್ಯಾಜ್ಯದ ನಿಯಮಗಳು ಆಮೇಲೆ ಒಂದೊಂದಾಗಿ ಸೇರಿಕೊಂಡವು.

ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿದೆ. ಅಧ್ಯಕ್ಷರು, ಸದಸ್ಯ ಕಾರ್ಯದರ್ಶಿ ಅಲ್ಲಿರುತ್ತಾರೆ. ಆದರೆ ನಮ್ಮ ಕೆಲಸ ಶುರುವಾಗುವುದು ಪ್ರಾದೇಶಿಕ ಕಚೇರಿಯಲ್ಲಿ. ಅದಕ್ಕೆ ಪರಿಸರ ಅಧಿಕಾರಿ ಮುಖ್ಯಸ್ಥರು. ಅವರ ಕೆಳಗೆ ಉಪ ಪರಿಸರ ಅಧಿಕಾರಿ, ಸಹಾಯಕ ಪರಿಸರ ಅಧಿಕಾರಿ ಇರುತ್ತಾರೆ. ಸ್ಥಳಕ್ಕೆ ಬಂದು ಚರಂಡಿ ಪಕ್ಕ ನಿಂತು ಮಾದರಿ ತೆಗೆಯುವವರು ಹೆಚ್ಚಾಗಿ ಇವರೇ. ಮಾದರಿ ಪರೀಕ್ಷೆ ಮಾಡಲು ಪ್ರಯೋಗಾಲಯ, ಅದಕ್ಕೆ ವೈಜ್ಞಾನಿಕ ಅಧಿಕಾರಿಗಳು ಬೇರೆ.

ಒಬ್ಬ ಸಹಾಯಕ ಪರಿಸರ ಅಧಿಕಾರಿಯ ಮೇಜು ನೋಡಿದರೆ ಅವರ ಕಷ್ಟ ಅರ್ಥವಾಗುತ್ತದೆ. ಕಾರ್ಖಾನೆ, ಜಲ್ಲಿ ಕ್ರಷರ್, ಅಕ್ಕಿ ಗಿರಣಿ, ಆಸ್ಪತ್ರೆ, ಹೋಟೆಲ್, ಅಪಾರ್ಟ್‌ಮೆಂಟಿನ ಚರಂಡಿ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ) ಎಲ್ಲವೂ ಅವರ ಕಡತದಲ್ಲಿ ಇರುತ್ತವೆ. ಅನುಮತಿ ನವೀಕರಣದ ಅರ್ಜಿ, ಕೋರ್ಟಿಗೆ ಕೊಡಬೇಕಾದ ಉತ್ತರ, ಆರ್‌ಟಿಐ ಉತ್ತರ ಎಲ್ಲವೂ ಇರುತ್ತವೆ. ಅದರ ನಡುವೆ ನಮ್ಮ ದೂರು. ಅವರನ್ನು ಬೈದುಕೊಂಡು ಕೂತರೆ ಹಳ್ಳ ಶುದ್ಧ ಆಗುವುದಿಲ್ಲ. ಅವರು ತಪ್ಪಿಸಿಕೊಳ್ಳಲು ಆಗದ ಹಾಗೆ, ಜೊತೆಗೆ ಅವರ ಕೆಲಸ ಹಗುರ ಆಗುವ ಹಾಗೆ ದೂರು ಕೊಡಬೇಕು. ಎರಡೂ ಒಟ್ಟಿಗೆ ಸಾಧ್ಯ.

ಇದು ಮಂಡಳಿಯ ಕೆಲಸವೇ?

ಇಲ್ಲಿ ತಪ್ಪಿದರೆ ತಿಂಗಳುಗಟ್ಟಲೆ ಸುಮ್ನೆ ಹೋಗುತ್ತದೆ. ಬೀದಿ ಕಸ ಮತ್ತು ಕಸಕ್ಕೆ ಬೆಂಕಿ ಹಾಕುವುದು ನಗರಸಭೆ ಅಥವಾ ಗ್ರಾಮ ಪಂಚಾಯಿತಿಗೆ ಸೇರಿದ್ದು. ವಾಹನದ ಹೊಗೆ ಆರ್‌ಟಿಒಗೆ, ಮರಳು ಮತ್ತು ಕಲ್ಲು ಗಣಿಗಾರಿಕೆಯ ಪರವಾನಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಕೆರೆ ಒತ್ತುವರಿ ಕಂದಾಯ ಇಲಾಖೆಗೆ ಸೇರಿದ್ದು. ರಾತ್ರಿ ಮೈಕ್ ಹಾಕಿದರೆ ಪೊಲೀಸರಿಗೆ ಫೋನ್ ಮಾಡಿ. ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಆದರೆ ಗದ್ದಲ ಕಾರ್ಖಾನೆಯದ್ದಾಗಿದ್ದರೆ ಮಂಡಳಿಗೇ ಬರೆಯಿರಿ.

ಎರಡು ಮೂರು ಇಲಾಖೆ ಸೇರಿದ ಸಮಸ್ಯೆಗೆ ಬೆಳ್ಳಂದೂರು ಕೆರೆಗಿಂತ ದೊಡ್ಡ ಉದಾಹರಣೆ ಬೇಡ. 2015, 2017, 2018ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿತು. ನೊರೆ ರಸ್ತೆಗೆ ಹಾರಿತು. ತುಂಬ ಜನ ಇದೆಲ್ಲ ಕಾರ್ಖಾನೆಗಳದ್ದೇ ಕೆಲಸ ಅಂದುಕೊಂಡರು. ಆದರೆ ಕೆರೆಗೆ ಬರುತ್ತಿದ್ದುದರಲ್ಲಿ ದೊಡ್ಡ ಪಾಲು ಮನೆಗಳಿಂದ ಬಂದ, ಶುದ್ಧ ಮಾಡದ ಚರಂಡಿ ನೀರು. ನೊರೆಗೆ ನಾವು ಬಟ್ಟೆ ಒಗೆಯುವ ಪುಡಿಯೂ ಕಾರಣ. ಅಂಥ ಕಡೆ ಜಲಮಂಡಳಿ, ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ ಮೂವರಿಗೂ ದೂರು ಹೋಗಬೇಕು. ಯಾರಿಂದ ಏನು ಬೇಕು ಅನ್ನುವುದನ್ನು ಬೇರೆ ಬೇರೆ ಬರೆಯಬೇಕು.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್ ತೆರೆಯಿರಿ

ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇದನ್ನು. ದಿನಾಂಕ, ಗಂಟೆ, ಜಾಗ, ಬಣ್ಣ, ವಾಸನೆ, ನೊರೆ, ಮಳೆ ಇತ್ತೋ ಇಲ್ಲವೋ ಎಲ್ಲವನ್ನೂ ಬರೆಯಿರಿ. ಹೊಗೆ ಅಥವಾ ವಾಸನೆಯಾದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತಲೂ ಬರೆಯಿರಿ. ಏನೂ ಇಲ್ಲದ ದಿನವೂ "ಇವತ್ತು ಇಲ್ಲ" ಅಂತ ಬರೆಯಿರಿ. ಮೂರು ವಾರ ಹೀಗೆ ಬರೆದರೆ ಒಂದು ಲೆಕ್ಕ ಕಾಣತೊಡಗುತ್ತದೆ. ನಮ್ಮೂರಲ್ಲಿ ಬಣ್ಣದ ನೀರು ಬರುತ್ತಿದ್ದದ್ದು ವಾರಕ್ಕೆ ಎರಡೇ ದಿನ, ಹೆಚ್ಚಾಗಿ ಶನಿವಾರ ಮತ್ತು ಭಾನುವಾರದ ರಾತ್ರಿ. ಅದು ಗೊತ್ತಾದ ಮೇಲೆಯೇ ಅಧಿಕಾರಿಗಳಿಗೆ ಯಾವಾಗ ಬರಬೇಕು ಅಂತ ಹೇಳಲು ಸಾಧ್ಯವಾದದ್ದು.

ಫೋಟೋ ತೆಗೆಯುವಾಗ ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಬರೀ ನೊರೆಯ ಫೋಟೋ ಸಾಲದು. ಪೈಪಿನ ಬಾಯಿ, ಪಕ್ಕದ ಸೇತುವೆ ಅಥವಾ ದೊಡ್ಡ ಮರ, ದೂರದಲ್ಲಿ ಕಾರ್ಖಾನೆಯ ಗೋಡೆ ಎಲ್ಲವೂ ಒಂದೇ ಚಿತ್ರದಲ್ಲಿ ಬಂದರೆ ಒಳ್ಳೆಯದು. ಪೈಪಿಗಿಂತ ಮೇಲಿನ ನೀರಿನ ಫೋಟೋ ಒಂದು, ಕೆಳಗಿನ ನೀರಿನದ್ದು ಒಂದು ತೆಗೆಯಿರಿ. ಮೇಲೆ ತಿಳಿನೀರು, ಕೆಳಗೆ ಬಣ್ಣ ಅಂದರೆ ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಏನಿದೆ? ಮೂಲ ಫೋಟೋವನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರದಲ್ಲಿ ಸಮಯ, ಜಾಗದ ಮಾಹಿತಿ ಉಳಿಯುವುದಿಲ್ಲ.

ಮೀನು ಸತ್ತಿದ್ದರೆ ಬೆಳಗಿನ ಜಾವವೇ ಹೋಗಿ ನೋಡಿ. ರಾತ್ರಿ ಪಾಚಿ, ಗಿಡಗಳು ನೀರಿಗೆ ಆಮ್ಲಜನಕ ಕೊಡುವುದಿಲ್ಲ, ಬದಲಿಗೆ ಬಳಸಿಕೊಳ್ಳುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮೀನು ಬಾಳಲು ಲೀಟರ್‌ಗೆ 4 ಮಿಲಿಗ್ರಾಂ ಆದರೂ ಇರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಅಧಿಕಾರಿ 11 ಗಂಟೆಗೆ ಬಂದು ಅಳೆದರೆ ಬಿಸಿಲಿಗೆ ಅದು ಏರಿರಬಹುದು. ಈ ವಿಷಯವನ್ನು ದೂರಿನಲ್ಲೇ ಬರೆದು, ಬೆಳಿಗ್ಗೆ 6ಕ್ಕೆ ಬರಲು ಕೇಳಿ.

ಒಂದು ಎಚ್ಚರಿಕೆ. ಬರಿಗೈಯಲ್ಲಿ ಆ ನೀರು ಮುಟ್ಟಬೇಡಿ, ಮ್ಯಾನ್‌ಹೋಲ್ ಒಳಗೆ ಇಣುಕಬೇಡಿ, ಕಾರ್ಖಾನೆಯ ಕಾಂಪೌಂಡ್ ಹಾರಬೇಡಿ. ಮಕ್ಕಳನ್ನಂತೂ ಕಳಿಸಲೇಬೇಡಿ.

ಎರಡನೇ ಹೆಜ್ಜೆ: ಕಾರ್ಖಾನೆಯ ಕನ್ಸೆಂಟ್ ಪ್ರತಿ ತರಿಸಿ

ತ್ಯಾಜ್ಯ ನೀರು ಅಥವಾ ಹೊಗೆ ಬಿಡುವ ಉದ್ಯಮ ಮಂಡಳಿಯಿಂದ ಎರಡು ಸಲ ಸಮ್ಮತಿ ಪಡೆಯಬೇಕು. ಕಟ್ಟುವ ಮೊದಲು ಒಂದು, ಕಟ್ಟಿದ ಮೇಲೆ ನಡೆಸಲು ಇನ್ನೊಂದು. ಕಚೇರಿಯಲ್ಲಿ ಇವನ್ನು ಸಿಎಫ್‌ಇ, ಸಿಎಫ್‌ಒ ಅನ್ನುತ್ತಾರೆ. ಮಾಲಿನ್ಯ ಎಷ್ಟು ಅನ್ನುವುದರ ಮೇಲೆ ಉದ್ಯಮಗಳಿಗೆ ಬಣ್ಣದ ವರ್ಗ ಇದೆ. ಡಿಸ್ಟಿಲರಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ಚರ್ಮ ಹದ ಮಾಡುವ ಘಟಕ ಮುಂತಾದವು ಕೆಂಪು. ಅದರ ನಂತರ ಕಿತ್ತಳೆ, ಹಸಿರು, ಬಿಳಿ.

ಸಿಎಫ್‌ಒ ಪತ್ರದಲ್ಲಿ ಏನಿರುತ್ತದೆ ಗೊತ್ತಾ? ದಿನಕ್ಕೆ ಎಷ್ಟು ಸಾವಿರ ಲೀಟರ್ ತ್ಯಾಜ್ಯ ನೀರು, ಅದನ್ನು ಹೇಗೆ ಶುದ್ಧ ಮಾಡಬೇಕು, ಎಲ್ಲಿಗೆ ಬಿಡಬೇಕು, ಚಿಮಣಿ ಎಷ್ಟು ಎತ್ತರ, ಯಾವ ಅಂಶ ಎಷ್ಟು ಮಿತಿಯಲ್ಲಿರಬೇಕು, ಅವಧಿ ಯಾವಾಗ ಮುಗಿಯುತ್ತದೆ ಎಲ್ಲವೂ ಇರುತ್ತದೆ. "ಹೊರಗೆ ಒಂದು ಹನಿಯೂ ಬಿಡಬಾರದು" ಅನ್ನುವ ಷರತ್ತೇ ಅದರಲ್ಲಿದ್ದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ. ನೀರು ಎಷ್ಟು ಕೆಟ್ಟಿದೆ ಅಂತ ವಾದಿಸುವ ಅಗತ್ಯ ಇಲ್ಲ. ನೀರು ಹೊರಗೆ ಬಂದದ್ದೇ ತಪ್ಪು.

ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮಂಡಳಿ ಈ ಷರತ್ತುಗಳ ಒಂದು ರಿಜಿಸ್ಟರ್ ಇಡಬೇಕು. ಆ ನೀರಿನಿಂದ ತೊಂದರೆಗೆ ಒಳಗಾದವರು ಅದನ್ನು ನೋಡಬಹುದು. ಈ ಹಕ್ಕು ಇದೆ ಅಂತ ತುಂಬ ಜನರಿಗೆ ಗೊತ್ತೇ ಇಲ್ಲ. ಮೊದಲು ಕಚೇರಿಗೆ ಹೋಗಿ ಬಾಯಲ್ಲಿ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು ಅಂತ ಇದೆ. ಆದ್ದರಿಂದ ಕಥೆ ಬೇಡ. ಹೀಗೆ ಬರೆದರೆ ಸಾಕು:

"ನಿಮ್ಮ ವ್ಯಾಪ್ತಿಯ, ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿರುವ ಇಂಥ ಉದ್ಯಮಕ್ಕೆ ಸಂಬಂಧಿಸಿದಂತೆ, ಈಗ ಚಾಲ್ತಿಯಲ್ಲಿರುವ ಕಾರ್ಯಾಚರಣೆ ಸಮ್ಮತಿ ಪತ್ರ, ಕಳೆದ ಎರಡು ವರ್ಷಗಳ ಪರಿಶೀಲನಾ ವರದಿಗಳು, ಪ್ರಯೋಗಾಲಯದ ವರದಿಗಳು ಮತ್ತು ನೀಡಿದ ನೋಟಿಸ್‌ಗಳ ದೃಢೀಕೃತ ಪ್ರತಿಗಳನ್ನು ಒದಗಿಸಿ. ಕಡತ ಪರಿಶೀಲನೆಗೂ ಅವಕಾಶ ಕೊಡಿ."

ಕೊನೆಯ ಸಾಲು ಬಿಡಬೇಡಿ. ಕಡತವನ್ನು ಕಣ್ಣಾರೆ ನೋಡಿದಾಗ ಪ್ರತಿಯಲ್ಲಿ ಬಾರದ ಎಷ್ಟೋ ಹಾಳೆ ಸಿಗುತ್ತವೆ.

ಮೂರನೇ ಹೆಜ್ಜೆ: ನೀರಿನ ಮಾದರಿ ಯಾರು ತೆಗೆಯಬೇಕು?

ನಾವೇ ಬಾಟಲಿಯಲ್ಲಿ ಹಿಡಿದುಕೊಂಡು ಹೋದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ತಿಳಿವಳಿಕೆಗೆ ಆಗುತ್ತದೆ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರುವ ಖಾಸಗಿ ಲ್ಯಾಬಿಗೆ ಕೊಟ್ಟು ನೋಡಬಹುದು. ವರದಿಯನ್ನು ದೂರಿನ ಜೊತೆ ಇಟ್ಟರೆ ಅಧಿಕಾರಿಗೂ ದಾರಿ ಸಿಗುತ್ತದೆ. ಆದರೆ ಕಾರ್ಖಾನೆಯ ಮೇಲೆ ಕೋರ್ಟಿನಲ್ಲಿ ನಿಲ್ಲಬೇಕಾದ ಮಾದರಿಯನ್ನು ಮಂಡಳಿಯವರೇ, ಕಾಯ್ದೆ ಹೇಳಿದ ರೀತಿಯಲ್ಲೇ ತೆಗೆಯಬೇಕು.

ಜಲ ಕಾಯ್ದೆಯ 21ನೇ ಸೆಕ್ಷನ್ ಅದನ್ನು ಬಿಡಿಸಿ ಹೇಳುತ್ತದೆ. ಪರೀಕ್ಷೆಗೆ ಮಾದರಿ ತೆಗೆಯುತ್ತಿದ್ದೇವೆ ಎಂದು ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರು ಮಾದರಿಯನ್ನು ಎರಡು ಭಾಗ ಮಾಡಬೇಕು. ಎರಡಕ್ಕೂ ಗುರುತು ಹಾಕಿ ಸೀಲ್ ಮಾಡಬೇಕು. ಎರಡೂ ಕಡೆಯವರು ಸಹಿ ಹಾಕಬೇಕು. ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಕಾರ್ಖಾನೆಯ ವಕೀಲರು ಅದನ್ನೇ ಹಿಡಿಯುತ್ತಾರೆ. ಅಧಿಕಾರಿಗಳು ಸೀಲ್, ಸಹಿ ಅಂತ ಅರ್ಧ ಗಂಟೆ ತೆಗೆದುಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಸರಿಯಾಗಿಯೇ ಕೆಲಸ ಮಾಡುತ್ತಿದ್ದಾರೆ.

ವರದಿ ನಾಳೆಯೇ ಯಾಕೆ ಬರುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಬಿಒಡಿ ಅಂತ ಒಂದು ಅಳತೆ ಇದೆ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಎಷ್ಟು ಆಮ್ಲಜನಕ ಬೇಕಾಗುತ್ತದೆ ಅನ್ನುವ ಲೆಕ್ಕ ಅದು. ಅದಕ್ಕೆ ಮಾದರಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಬೇಗ ಮಾಡಲು ಬರುವುದಿಲ್ಲ. ಕರಗಿದ ಆಮ್ಲಜನಕದ ಮಾದರಿಗೆ ಹಳ್ಳದ ದಂಡೆಯಲ್ಲೇ ರಾಸಾಯನಿಕ ಹಾಕಬೇಕು, ಇಲ್ಲದಿದ್ದರೆ ದಾರಿಯಲ್ಲೇ ಲೆಕ್ಕ ಬದಲಾಗುತ್ತದೆ. ಉಳಿದವನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಐಸ್ ಪೆಟ್ಟಿಗೆ ಕಾಣದಿದ್ದರೆ ನಯವಾಗಿ ಕೇಳಿ.

ವರದಿ ಬಂದಾಗ ಓದಿಕೊಳ್ಳಲು ಇಷ್ಟು ನೆನಪಿರಲಿ. ಹಳ್ಳ, ನದಿ, ಕೆರೆಗೆ ಬಿಡುವ ತ್ಯಾಜ್ಯ ನೀರಿಗೆ ಇರುವ ಸಾಮಾನ್ಯ ಮಿತಿಯಲ್ಲಿ ಬಿಒಡಿ ಲೀಟರ್‌ಗೆ 30 ಮಿಲಿಗ್ರಾಂ, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾಗುವ ಆಮ್ಲಜನಕದ ಲೆಕ್ಕ) 250, ತೇಲುವ ಕಣ 100, ಪಿಎಚ್ 5.5ರಿಂದ 9ರ ಒಳಗೆ. ಕೆಲವು ಉದ್ಯಮಗಳಿಗೆ ಬೇರೆ ಮಿತಿ ಇರುತ್ತದೆ, ಸಿಎಫ್‌ಒ ನೋಡಿಯೇ ಹೋಲಿಸಿ.

ನಾಲ್ಕನೇ ಹೆಜ್ಜೆ: ದೂರು ಬರೆಯುವುದು

ಒಂದು ಪುಟ ಸಾಕು. "ವಿಷ", "ಕೊಲೆಗಡುಕರು" ಅನ್ನುವ ಪದ ಬೇಡ. ಕಂಡದ್ದನ್ನು ಬರೆಯಿರಿ. ಊಹೆಯಾದರೆ "ನಮ್ಮ ಅನುಮಾನ" ಅಂತಲೇ ಬರೆಯಿರಿ. ನಾನು ಇಟ್ಟುಕೊಂಡಿರುವ ಮಾದರಿ ಇದು:

ಗೆ, ಪರಿಸರ ಅಧಿಕಾರಿಗಳು, ಪ್ರಾದೇಶಿಕ ಕಚೇರಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ವಿಷಯ: ______ ಗ್ರಾಮದ ಸರ್ವೆ ನಂಬರ್ ____ರ ಪಕ್ಕದ ಹಳ್ಳಕ್ಕೆ ರಾತ್ರಿ ಬಣ್ಣದ ತ್ಯಾಜ್ಯ ನೀರು ಬರುತ್ತಿರುವ ಬಗ್ಗೆ.

ಮಾನ್ಯರೇ, ಮೇಲೆ ಹೇಳಿದ ಜಾಗದಲ್ಲಿ, ರಸ್ತೆ ಸೇತುವೆಯಿಂದ ಸುಮಾರು 200 ಮೀಟರ್ ಮೇಲಕ್ಕೆ, ಎಡದಂಡೆಯಲ್ಲಿ ಒಂದು ಸಿಮೆಂಟ್ ಪೈಪ್ ಇದೆ. ಕಳೆದ ನಾಲ್ಕು ವಾರಗಳಲ್ಲಿ ಈ ಕೆಳಗಿನ ಏಳು ದಿನ ರಾತ್ರಿ 11ರಿಂದ 3ರ ನಡುವೆ ಇದರಿಂದ ಕಂದು ಬಣ್ಣದ ನೀರು ಹರಿದಿದೆ. ದಿನಾಂಕ, ಸಮಯದ ಪಟ್ಟಿ ಲಗತ್ತಿಸಿದೆ. ಫೋಟೋ ಇವೆ. ಕೆಳಗಡೆ ಎರಡು ತೆರೆದ ಬಾವಿ, ಒಂದು ದನಕರು ನೀರು ಕುಡಿಯುವ ಜಾಗ ಇದೆ.

ದಯವಿಟ್ಟು ಶನಿವಾರ ಅಥವಾ ಭಾನುವಾರ ರಾತ್ರಿ, ಮುಂಚೆ ತಿಳಿಸದೆ, ಸ್ಥಳ ಪರಿಶೀಲನೆ ಮಾಡಿ. ಪೈಪಿನ ಬಾಯಿ, ಅದರ ಮೇಲಿನ ನೀರು, ಕೆಳಗಿನ ನೀರು ಮತ್ತು ಎರಡು ಬಾವಿಗಳಿಂದ ಮಾದರಿ ತೆಗೆಯಿರಿ. ಪರಿಶೀಲನಾ ವರದಿಯ ಪ್ರತಿಯನ್ನು ನಮಗೆ ಕೊಡಿ. ದಾರಿ ತೋರಿಸಲು ಈ ಇಬ್ಬರನ್ನು (ಹೆಸರು, ಫೋನ್ ನಂಬರ್ ______) ಯಾವ ಹೊತ್ತಿನಲ್ಲಾದರೂ ಕರೆಯಬಹುದು.

ಈ ಕೊನೆಯ ವಾಕ್ಯಕ್ಕೆ ತುಂಬ ಬೆಲೆ ಇದೆ. ರಾತ್ರಿ ಹೊತ್ತು ಗೊತ್ತಿಲ್ಲದ ಹಳ್ಳದ ಕಡೆ ಬರುವ ಅಧಿಕಾರಿಗೆ ಜೊತೆಗೆ ಊರಿನವರು ಬೇಕೇ ಬೇಕು. ಪಂಚಾಯಿತಿಯಲ್ಲಿ ಒಂದು ನಿರ್ಣಯ ಮಾಡಿಸಿ ಅದರ ಪ್ರತಿ ಸೇರಿಸಿದರೆ ಇನ್ನೂ ಗಟ್ಟಿ.

ಇನ್ನೊಂದು ಮಾತು. ಆ ಕಾರ್ಖಾನೆಯಲ್ಲಿ ನಮ್ಮೂರ ಹುಡುಗರೇ ಕೆಲಸ ಮಾಡುತ್ತಿರುತ್ತಾರೆ. ಒಳಗಿನ ಸುದ್ದಿ ಅವರಿಗೆ ಗೊತ್ತಿರುತ್ತದೆ. ಅವರ ಹೆಸರನ್ನು ಎಲ್ಲಿಯೂ ಬರೆಯಬೇಡಿ, ಸಹಿಯನ್ನೂ ಹಾಕಿಸಬೇಡಿ. ಅವರ ಅನ್ನ ಹೋದರೆ ಊರು ಎರಡಾಗುತ್ತದೆ.

ಐದನೇ ಹೆಜ್ಜೆ: ಕೊಡುವುದು

ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಅದೇ ದಿನ ಇಮೇಲ್‌ನಲ್ಲೂ ಕಳಿಸಿ. ಸಾಧ್ಯವಾದರೆ ಸಂಬಂಧಪಟ್ಟ ಸಹಾಯಕ ಪರಿಸರ ಅಧಿಕಾರಿಯನ್ನು ಐದು ನಿಮಿಷ ನೋಡಿ ಮಾತಾಡಿ ಬನ್ನಿ. ಒಟ್ಟಿಗೆ ಹದಿನೈದು ಕಡೆ ಕಳಿಸುವುದು ಬೇಡ. ಎಲ್ಲ ಪ್ರತಿಗಳೂ ತಿರುಗಿ ಇದೇ ಮೇಜಿಗೆ ಬಂದು ಬೀಳುತ್ತವೆ.

ಆರನೇ ಹೆಜ್ಜೆ: ಅವರು ಬಂದ ದಿನ

ಇಬ್ಬರು ಮೂವರು ಸಾಕು. ಐವತ್ತು ಜನ ಸೇರಿ ಕೂಗಾಡಿದರೆ ಅಧಿಕಾರಿ ಬೇಗ ಮುಗಿಸಿ ಹೊರಡುತ್ತಾರೆ, ಕಾರ್ಖಾನೆಯವರಿಗೂ ಸುದ್ದಿ ಮುಟ್ಟುತ್ತದೆ. ನೋಟ್‌ಬುಕ್ ತೋರಿಸಿ. ಜಾಗ ತೋರಿಸಿ. ಮಹಜರು ಬರೆದರೆ ಪೂರ್ತಿ ಓದಿ ಸಹಿ ಹಾಕಿ. ನೀವು ತೋರಿಸಿದ ಪೈಪ್ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಕೇಳಿ.

ಜಲ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಕಾರ್ಖಾನೆಯ ಒಳಗೆ ಹೋಗುವ ಅಧಿಕಾರ ಮಂಡಳಿಯವರಿಗಿದೆ, ನಮಗಿಲ್ಲ. ಆದರೆ ಒಳಗೆ ಏನು ನೋಡಬೇಕು ಅಂತ ನಾವು ಮೊದಲೇ ಬರೆದು ಕೊಡಬಹುದು. ಅನುಭವ ಇರುವ ಅಧಿಕಾರಿಗಳು ತ್ಯಾಜ್ಯ ನೀರಿನ ಶುದ್ಧೀಕರಣ ಘಟಕದ (ಇಟಿಪಿ) ತೊಟ್ಟಿಗಿಂತ ಮೊದಲು ಅದರ ಕರೆಂಟ್ ಮೀಟರ್ ನೋಡುತ್ತಾರೆ. ಇಟಿಪಿಯ ಪಂಪು, ಗಾಳಿಯಂತ್ರ ದಿನವಿಡೀ ಓಡಿದ್ದರೆ ಯೂನಿಟ್ ಏರಿರಲೇಬೇಕು. ಲಾಗ್‌ಬುಕ್‌ನಲ್ಲಿ ಓಡಿದೆ ಅಂತ ಬರೆದಿದ್ದು ಮೀಟರ್ ಕದಲಿಲ್ಲ ಅಂದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಕೆಸರು. ತ್ಯಾಜ್ಯ ನೀರು ನಿಜವಾಗಿ ಶುದ್ಧ ಆಗಿದ್ದರೆ ಕೆಸರು ಬಂದೇ ಬರುತ್ತದೆ. ಒಣಗಿಸುವ ಹಾಸು ಖಾಲಿ ಇದ್ದು, ಕೆಸರು ಬೇರೆಡೆಗೆ ಸಾಗಿಸಿದ ದಾಖಲೆಯೂ ಇಲ್ಲ ಅಂದರೆ ಆ ನೀರು ಎಲ್ಲಿ ಹೋಯಿತು? ನೀರು ಶುದ್ಧ ಮಾಡಲು ಬೇಕಾದ ಸುಣ್ಣ, ಆಲಂ (ಪಟಿಕ) ಕೊಂಡ ಬಿಲ್ಲು, ಒಳಗೆ ಬಂದ ನೀರಿನ ಮೀಟರ್, ಗೋಡೆಯ ಹಿಂದೆ ಬೈಪಾಸ್ ಪೈಪ್ ಇದೆಯಾ ಅನ್ನುವುದು, ಇವೆಲ್ಲ ಆ ದಿನವೇ ನೋಡಬೇಕಾದವು. ದೂರಿನ ಜೊತೆ ಒಂದು ಚೀಟಿಯಲ್ಲಿ ಇದನ್ನು ಬರೆದು ಕೊಡಿ.

ಧೂಳಿನ ದೂರಾದರೆ ನೀವು ಇನ್ನೂ ಒಂದು ಸಹಾಯ ಮಾಡಬಹುದು. ಗಾಳಿಯ ಧೂಳು ಅಳೆಯುವ ಯಂತ್ರ 24 ಗಂಟೆ ಓಡಬೇಕು. ಅದಕ್ಕೆ ತಾರಸಿ ಬೇಕು, ನಿಲ್ಲದ ಕರೆಂಟ್ ಬೇಕು, ಯಾರೂ ಮುಟ್ಟದ ಜಾಗ ಬೇಕು. ಕ್ರಷರ್‌ನಿಂದ ಗಾಳಿ ಬೀಸುವ ಕಡೆಗೆ ಇರುವ ಒಂದು ಮನೆಯವರು "ನಮ್ಮ ತಾರಸಿ ಮೇಲೆ ಇಡಿ" ಅಂದರೆ ಕೆಲಸ ತುಂಬ ಬೇಗ ಆಗುತ್ತದೆ. 24 ಗಂಟೆಯ ಸರಾಸರಿಗೆ ಪಿಎಂ 10 ಅನ್ನುವ ಸಣ್ಣ ಧೂಳಿನ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ, ಪಿಎಂ 2.5 ಅನ್ನುವ ಇನ್ನೂ ಸಣ್ಣ ಧೂಳಿನದ್ದು 60. ಕ್ರಷರ್ ನಿಲ್ಲಿಸಿದ ದಿನ ಅಳೆದರೆ ಪ್ರಯೋಜನ ಇಲ್ಲ, ಅಲ್ವಾ? ಅದು ಓಡುತ್ತಿತ್ತು ಅನ್ನುವುದನ್ನು ವರದಿಯಲ್ಲಿ ಬರೆಸಿ.

ಏಳನೇ ಹೆಜ್ಜೆ: ಆಮೇಲೆ ಏನಾಗುತ್ತದೆ

ವರದಿಯಲ್ಲಿ ತಪ್ಪು ಕಂಡರೆ ಕಾರ್ಖಾನೆಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ. ಉತ್ತರಕ್ಕೆ ಸಾಮಾನ್ಯವಾಗಿ 15 ದಿನ ಕೊಡುತ್ತಾರೆ. ಕೆಲವೊಮ್ಮೆ ವೈಯಕ್ತಿಕ ವಿಚಾರಣೆಗೆ ಕರೆಯುತ್ತಾರೆ. ಆ ವಿಚಾರಣೆಗೆ ದೂರುದಾರರಾದ ನಮ್ಮನ್ನೂ ಕರೆಯಿರಿ ಅಂತ ಬರೆದು ಕೇಳಿ. ಸರಿಪಡಿಸಿಕೊಳ್ಳದಿದ್ದರೆ ಜಲ ಕಾಯ್ದೆಯ 33ಎ ಅಥವಾ ವಾಯು ಕಾಯ್ದೆಯ 31ಎ ಸೆಕ್ಷನ್‌ನಲ್ಲಿ ಮುಚ್ಚಲು ಆದೇಶ ಕೊಡಬಹುದು. ಕರೆಂಟ್, ನೀರು ಕಡಿತ ಮಾಡಲು ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿಗೆ) ಮತ್ತು ಸಂಬಂಧಪಟ್ಟವರಿಗೆ ಪತ್ರ ಹೋಗುತ್ತದೆ. ಪರಿಸರ ಪರಿಹಾರದ ಹಣ ಕಟ್ಟಿಸುವ ಅಧಿಕಾರವೂ ಈ ಸೆಕ್ಷನ್‌ಗಳಲ್ಲಿ ಮಂಡಳಿಗಳಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ.

ನನ್ನ ಮಟ್ಟಿಗೆ ಬಾಗಿಲು ಮುಚ್ಚಿಸುವುದು ಗುರಿಯಲ್ಲ. ಇಟಿಪಿ ಹಗಲು ರಾತ್ರಿ ಓಡಬೇಕು, ಹಳ್ಳ ಮೊದಲಿನ ಹಾಗೆ ಆಗಬೇಕು, ಹಾಳಾದ ಬಾವಿಗೆ ಪರಿಹಾರ ಸಿಗಬೇಕು. ದೂರಿನಲ್ಲಿ ಇದನ್ನೇ ಕೇಳಿದರೆ ಕಾರ್ಖಾನೆಯಲ್ಲಿ ದುಡಿಯುವ ಮನೆಗಳೂ ನಿಮ್ಮ ಜೊತೆ ನಿಲ್ಲುತ್ತವೆ.

ಯಾರೂ ಕದಲದಿದ್ದರೆ

ಒಂದು ತಿಂಗಳು ಕಾದು, ಇನ್‌ವರ್ಡ್ ನಂಬರ್ ಹಾಕಿ ಜ್ಞಾಪನ ಪತ್ರ ಕೊಡಿ. ಆಮೇಲೆ ವಲಯ ಕಚೇರಿಯ ಹಿರಿಯ ಪರಿಸರ ಅಧಿಕಾರಿ, ಅದರ ಮೇಲೆ ಸದಸ್ಯ ಕಾರ್ಯದರ್ಶಿ. ಜೊತೆಗೆ ಒಂದು ಆರ್‌ಟಿಐ ಹಾಕಿ, ಅದರಲ್ಲಿ ನಮ್ಮ ದೂರಿನ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿ ಕೇಳಿ. ಎಷ್ಟೋ ಸಲ ಈ ಅರ್ಜಿ ಬಂದ ವಾರದಲ್ಲೇ ಸ್ಥಳ ಪರಿಶೀಲನೆ ಆಗಿಬಿಡುತ್ತದೆ.

ಅದಕ್ಕೂ ಆಗದಿದ್ದರೆ ಎರಡು ದಾರಿ. ಜಲ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ, ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೋರ್ಟಿಗೆ ದೂರು ಕೊಡಬಹುದು. ಹಾಗೆ ದೂರು ಕೊಟ್ಟವರು ಕೇಳಿದರೆ ಮಂಡಳಿ ತನ್ನಲ್ಲಿರುವ ವರದಿಗಳನ್ನು ಕೊಡಬೇಕು. ಶಿಕ್ಷೆಯ ನಿಯಮಗಳಿಗೆ 2023 ಮತ್ತು 2024ರಲ್ಲಿ ತಿದ್ದುಪಡಿ ಆಗಿದೆ. ಆದ್ದರಿಂದ ಈ ದಾರಿ ಹಿಡಿಯುವ ಮೊದಲು ವಕೀಲರನ್ನು ಕೇಳಿ.

ಇನ್ನೊಂದು ದಾರಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ತೊಂದರೆ ಶುರುವಾದ 6 ತಿಂಗಳ ಒಳಗೆ ಅರ್ಜಿ ಹಾಕಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಪರಿಹಾರ ಕೇಳುವುದಾದರೆ 5 ವರ್ಷ. ನಿಮ್ಮ ನೋಟ್‌ಬುಕ್‌ನ ಮೊದಲ ದಿನಾಂಕಕ್ಕೆ ಬೆಲೆ ಬರುವುದು ಇಲ್ಲಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಹಣದ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಬೆಳ್ಳಂದೂರು ಕೆರೆ ವಿಷಯದಲ್ಲಿ 2018ರ ಡಿಸೆಂಬರ್‌ನಲ್ಲಿ ಈ ನ್ಯಾಯಮಂಡಳಿಯೇ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತ್ತು.

ಕಾರ್ಖಾನೆ ಇನ್ನೂ ಬಂದಿಲ್ಲ, ಬರುವುದರಲ್ಲಿದೆ ಅಂದರೆ ಸಾರ್ವಜನಿಕ ಆಲಿಕೆಯ ಜಾಹೀರಾತು ನೋಡುತ್ತಿರಿ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಪ್ರಕಾರ 30 ದಿನ ಮೊದಲೇ ತಿಳಿಸಬೇಕು. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಅವತ್ತು ಆಡಿದ ಮಾತು ದಾಖಲೆಯಾಗುತ್ತದೆ. ಮಾತಾಡಲು ಸಂಕೋಚ ಇದ್ದವರು ಬರೆದು ಕೊಡಿ.

ಕಾರ್ಖಾನೆ ಸರಿಯಾಯಿತು, ಮತ್ತೆ ತೆರೆಯಿತು ಅಂದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ ತೊಟ್ಟಿಯಲ್ಲಿ ತುಂಬಿಟ್ಟಿದ್ದನ್ನು ಮಳೆನೀರಿನ ಜೊತೆ ಬಿಟ್ಟುಬಿಡುವುದು ಸುಲಭ, ಬಣ್ಣವೂ ಬೇಗ ಕೊಚ್ಚಿ ಹೋಗುತ್ತದೆ. ಆ ರಾತ್ರಿ ಇಬ್ಬರು ಟಾರ್ಚ್ ಹಿಡಿದು ಸೇತುವೆಯವರೆಗೆ ಹೋಗಿ, ಮೇಲಿನ ನೀರು, ಕೆಳಗಿನ ನೀರು ಎರಡರ ಫೋಟೋ ತೆಗೆದು, ಗಂಟೆ ಬರೆದಿಟ್ಟುಕೊಳ್ಳಿ.